ಹೊಸ ಸ್ವತಂತ್ರ ಸಂಗೀತಗಾರರನ್ನು ಎಲ್ಲಿ ಹುಡುಕುವುದು? ಯಾವ ಪ್ರಕಾರಕ್ಕೆ ಯಾವ ದಾರಿ

ಹೊಸ ಸಂಗೀತಗಾರರನ್ನು ಹುಡುಕಲು ಯಾವ ಆ್ಯಪ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ನಿಮಗೆ ಬೇಕಾದದ್ದು ಯಾವ ಬಗೆಯ ಸಂಗೀತ ಎಂದು. ಅದು ಗೊತ್ತಾಗದೆ ದಾರಿ ತೋರಿಸುವುದು ಕಷ್ಟ. ಕನ್ನಡದಲ್ಲಿ ರ‍್ಯಾಪ್ ಮಾಡುವ ಹುಡುಗ ತನ್ನ ಮೊದಲ ಹಾಡನ್ನು ಯೂಟ್ಯೂಬ್‌ಗೆ ಹಾಕುತ್ತಾನೆ. ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಬ್ಯಾಂಡ್‌ಕ್ಯಾಂಪ್‌ನಲ್ಲಿ ಸಿಗುತ್ತಾರೆ. ಮೆಟಲ್ ಬ್ಯಾಂಡ್ ಸ್ಪರ್ಧೆಯ ವೇದಿಕೆಯಲ್ಲಿ ಸಿಗುತ್ತದೆ. ಕರ್ನಾಟಕ ಸಂಗೀತದ ಇಪ್ಪತ್ತೆರಡರ ಗಾಯಕಿ ಮಧ್ಯಾಹ್ನದ ಅರ್ಧ ಖಾಲಿ ಸಭಾಂಗಣದಲ್ಲಿ ಹಾಡುತ್ತಿರುತ್ತಾಳೆ. ಇವರೆಲ್ಲರನ್ನೂ ಒಂದೇ ಕಡೆ ಹುಡುಕಹೊರಟರೆ ನಿಜವಾದ ಹೊಸಬರು ಯಾರೂ ಸಿಗುವುದಿಲ್ಲ, ಈಗಾಗಲೇ ಹೆಸರು ಮಾಡಿದವರಷ್ಟೇ ಸಿಗುತ್ತಾರೆ.

ಸ್ವತಂತ್ರ ಸಂಗೀತಗಾರರು ಎಂದರೆ ಇಲ್ಲಿ ಸಿನಿಮಾ ನಿರ್ಮಾಪಕರಾಗಲಿ ದೊಡ್ಡ ಆಡಿಯೋ ಕಂಪನಿಯಾಗಲಿ ಬೆನ್ನಿಗಿಲ್ಲದೆ, ತಮ್ಮ ಖರ್ಚಿನಲ್ಲಿ, ತಮ್ಮ ತೀರ್ಮಾನದಲ್ಲಿ ಸಂಗೀತ ಹೊರತರುವವರು. ಈ ಅರ್ಥದಲ್ಲಿ ಶಾಸ್ತ್ರೀಯ ಸಂಗೀತದ ಯುವ ಕಲಾವಿದರೂ ಸ್ವತಂತ್ರರೇ. ಇಂಡಿ, ಅಂದರೆ ಸ್ವತಂತ್ರ ಸಂಗೀತ, ಎಂದೊಡನೆ ಗಿಟಾರ್ ಮಾತ್ರ ನೆನಪಾಗುವುದು ನಮ್ಮ ಕಿವಿಯನ್ನು ಕಿರಿದು ಮಾಡಿದೆ.

ಸ್ಪಾಟಿಫೈ ಮತ್ತು ಅದರ ಬಳಗ

ಹೆಚ್ಚಿನವರ ಕೈಯಲ್ಲಿ ಈಗಾಗಲೇ ಇರುವುದರಿಂದ ಇಲ್ಲಿಂದ ಶುರು ಮಾಡೋಣ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅದರ ‘ಡಿಸ್ಕವರ್ ವೀಕ್ಲಿ’ 2015ರಿಂದ ಪ್ರತಿ ಸೋಮವಾರ ಒಬ್ಬೊಬ್ಬ ಕೇಳುಗರಿಗೂ 30 ಹಾಡುಗಳ ಪಟ್ಟಿ ಕೊಡುತ್ತಾ ಬಂದಿದೆ. ನಿಮ್ಮ ರುಚಿಯನ್ನು ಹೋಲುವ ಬೇರೆಯವರು ಏನು ಕೇಳುತ್ತಿದ್ದಾರೆ, ತಮ್ಮ ಪ್ಲೇಲಿಸ್ಟ್‌ಗಳಲ್ಲಿ ಯಾವ ಹಾಡಿನ ಪಕ್ಕ ಯಾವುದನ್ನು ಇಟ್ಟಿದ್ದಾರೆ ಎಂಬುದು ಈ ಲೆಕ್ಕಾಚಾರದ ತಳಹದಿ. ಇದರ ಮಿತಿಯೂ ಅಲ್ಲೇ ಇದೆ. ನಿನ್ನೆ ಹಾಡು ಬಿಡುಗಡೆ ಮಾಡಿದವರನ್ನು ಇನ್ನೂ ಯಾರೂ ಕೇಳಿಲ್ಲ. ಕೇಳಿದವರೇ ಇಲ್ಲದ ಹಾಡನ್ನು ಯಾರ ರುಚಿಗೆ ಹೋಲಿಸುವುದು?

ಕನ್ನಡ ಕೇಳುಗರಿಗೆ ಇನ್ನೊಂದು ತೊಡಕಿದೆ. ನಮ್ಮ ಕೇಳುವಿಕೆಯಲ್ಲಿ ಸಿನಿಮಾ ಹಾಡುಗಳ ಪಾಲು ದೊಡ್ಡದು. ಹಾಗಾಗಿ ಭಾಷೆ ಕನ್ನಡ ಎಂದು ಆರಿಸಿದ ಮೇಲೆ ಬರುವ ಶಿಫಾರಸುಗಳೂ ಸಿನಿಮಾದತ್ತಲೇ ವಾಲುತ್ತವೆ. ಜಿಯೋಸಾವನ್‌ನಂಥ ನಮ್ಮ ದೇಶದ ಸೇವೆಗಳಲ್ಲಿ ಈ ವಾಲಿಕೆ ಇನ್ನಷ್ಟು ಹೆಚ್ಚು. ಹಳೆಯ ಹಾಡುಗಳಿಗೆ ಅವು ಅನುಕೂಲ. ಹೊಸಬರ ಹುಡುಕಾಟಕ್ಕೆ ನಾನು ಅವನ್ನು ಹೇಳುವುದಿಲ್ಲ.

ಹಣದ ವಿಚಾರವೂ ತಿಳಿದಿರಲಿ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಬಾರಿಯೂ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಧನವೇ ಇಲ್ಲ. ಅಂದರೆ ತೀರಾ ಹೊಸಬರನ್ನು ನೀವು ಅಲ್ಲಿ ಕೇಳಿದರೂ ಅವರಿಗೆ ಏನೂ ತಲುಪದೆ ಹೋಗಬಹುದು. ಕಡಿಮೆ ರಾಯಧನಕ್ಕೆ ಒಪ್ಪಿದ ಹಾಡುಗಳನ್ನು ಶಿಫಾರಸಿನಲ್ಲಿ ಮುಂದೆ ತರುವ ‘ಡಿಸ್ಕವರಿ ಮೋಡ್’ ಎಂಬ ಏರ್ಪಾಡೂ ಇದೆ. ನಿಮ್ಮ ಮುಂದೆ ಬಂದ ಹಾಡು ನಿಮ್ಮ ರುಚಿಯಿಂದ ಬಂದಿತೋ ಆ ಒಪ್ಪಂದದಿಂದ ಬಂದಿತೋ ಹೇಳಲಾಗದು. 2025ರಲ್ಲಿ ‘ವೆಲ್ವೆಟ್ ಸನ್‌ಡೌನ್’ ಎಂಬ ಹೆಸರಿನ ಬ್ಯಾಂಡ್ ಹತ್ತು ಲಕ್ಷಕ್ಕೂ ಹೆಚ್ಚು ಮಾಸಿಕ ಕೇಳುಗರನ್ನು ಗಳಿಸಿತು. ಅದರ ಸಂಗೀತ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ್ದು ಎಂಬುದು ಆಮೇಲೆ ಹೊರಬಿತ್ತು. ಮಾಸಿಕ ಕೇಳುಗರ ಸಂಖ್ಯೆಯನ್ನು ನೋಡಿ ಸಂಗೀತಗಾರರನ್ನು ಅಳೆಯಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಆದರೂ ಈ ಸೇವೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ಒಬ್ಬ ಹೊಸ ಸಂಗೀತಗಾರರ ಹೆಸರು ಬೇರೆಲ್ಲಾದರೂ ಸಿಕ್ಕ ಮೇಲೆ ಅಲ್ಲಿ ಹೋಗಿ ಹಾಡಿನ ಕ್ರೆಡಿಟ್ಸ್ ತೆರೆಯಿರಿ. ಸಂಗೀತ ನಿರ್ಮಿಸಿದವರು ಯಾರು, ಸಾಹಿತ್ಯ ಬರೆದವರು ಯಾರು ಎಂದು ನೋಡಿ, ಆ ಹೆಸರಿನಿಂದ ಮತ್ತೆ ಹುಡುಕಿ. ರ‍್ಯಾಪ್‌ನಲ್ಲಂತೂ ಒಬ್ಬ ಒಳ್ಳೆಯ ಬೀಟ್ ನಿರ್ಮಾಪಕರು ನಾಲ್ಕೈದು ಹೊಸಬರ ಜೊತೆ ಕೆಲಸ ಮಾಡುತ್ತಿರುತ್ತಾರೆ. ಯಂತ್ರ ಕೊಡುವ ಪಟ್ಟಿಗಿಂತ ಈ ಸರಪಳಿ ಹೆಚ್ಚು ನಂಬಿಕೆಗೆ ಅರ್ಹ.

ಬ್ಯಾಂಡ್‌ಕ್ಯಾಂಪ್: ನನ್ನ ಮೊದಲ ಆಯ್ಕೆ, ಆದರೆ ಎಲ್ಲ ಪ್ರಕಾರಕ್ಕೂ ಅಲ್ಲ

2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಮೂಲತಃ ಅಂಗಡಿ. ಸಂಗೀತಗಾರರು ತಾವೇ ಬೆಲೆ ಇಟ್ಟು ಆಲ್ಬಂ ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಕಂಪನಿಯ ಪಾಲು 15 ಶೇಕಡ. ವರ್ಷದ ಮಾರಾಟ 5,000 ಡಾಲರ್ ದಾಟಿದರೆ ಅದು 10 ಶೇಕಡಕ್ಕೆ ಇಳಿಯುತ್ತದೆ. ಪಾವತಿ ಶುಲ್ಕ ಕಳೆದು ಉಳಿದದ್ದು ಸಂಗೀತಗಾರರಿಗೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ವೇದಿಕೆಗಳು ಮುಚ್ಚಿದಾಗ, ಒಂದು ಶುಕ್ರವಾರ ತನ್ನ ಪಾಲನ್ನೇ ಬಿಟ್ಟುಕೊಟ್ಟಿತು. ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಎಂಬ ಆ ಪದ್ಧತಿ ಆಮೇಲೂ ವರ್ಷದ ಕೆಲವು ಶುಕ್ರವಾರಗಳಂದು ಮುಂದುವರಿದಿದೆ.

ಹುಡುಕಾಟಕ್ಕೆ ಇದು ಏಕೆ ಒಳ್ಳೆಯದು ಎಂಬುದು ಯಾವುದಾದರೂ ಒಂದು ಆಲ್ಬಂ ಪುಟವನ್ನು ನಿಧಾನವಾಗಿ ನೋಡಿದರೆ ಗೊತ್ತಾಗುತ್ತದೆ. ಪುಟದ ಕೊನೆಯಲ್ಲಿ ಟ್ಯಾಗ್‌ಗಳ ಸಾಲು ಇರುತ್ತದೆ. ಆ್ಯಂಬಿಯೆಂಟ್, ಜಾಝ್, ಫೋಕ್ ಎಂಬಂಥ ಪ್ರಕಾರದ ಹೆಸರುಗಳ ನಂತರ ಸಾಮಾನ್ಯವಾಗಿ ಊರಿನ ಹೆಸರು ಬರುತ್ತದೆ. ಬೆಂಗಳೂರಿನ ಟ್ಯಾಗ್ ಒತ್ತಿದರೆ ನಮ್ಮ ಊರಿನವರು ಎಂದು ಗುರುತು ಹಾಕಿಕೊಂಡ ಎಲ್ಲರೂ ಬರುತ್ತಾರೆ. ಅವರನ್ನು ಹೊಸದು ಮೊದಲು ಎಂಬ ಕ್ರಮದಲ್ಲಿ ಜೋಡಿಸಿ. ಇಲ್ಲಿ ಜನಪ್ರಿಯತೆಯ ಕ್ರಮ ಆರಿಸಿದರೆ ಹುಡುಕಾಟದ ಉದ್ದೇಶವೇ ಕೆಡುತ್ತದೆ. ಇನ್ನು ಮುಖಪುಟ ಚಿತ್ರದ ಕೆಳಗೆ ಆಲ್ಬಂ ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಕೆಲವರು ತಮಗೆ ಮೆಚ್ಚುಗೆಯಾದ ಹಾಡಿನ ಹೆಸರು ಹೇಳಿ ಒಂದೆರಡು ಸಾಲು ಬರೆದಿರುತ್ತಾರೆ. ಅಂಥ ಒಬ್ಬರ ಚಿತ್ರ ಒತ್ತಿದರೆ ಅವರು ಈವರೆಗೆ ಹಣ ಕೊಟ್ಟು ಕೊಂಡ ಸಂಗೀತವೆಲ್ಲ ತೆರೆದುಕೊಳ್ಳುತ್ತದೆ. ಇನ್ನೂರು ಜನ ಕೇಳಿದ ಆಲ್ಬಂ ಒಂದನ್ನು ನಿಮ್ಮ ಹಾಗೆಯೇ ಮೆಚ್ಚಿದವರು ಮತ್ತೇನು ಮೆಚ್ಚಿದ್ದಾರೆ ಎಂದು ನೋಡುವುದಕ್ಕಿಂತ ಒಳ್ಳೆಯ ಶಿಫಾರಸು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಎಲೆಕ್ಟ್ರಾನಿಕ್, ಆ್ಯಂಬಿಯೆಂಟ್, ಮೆಟಲ್, ಪ್ರಾಯೋಗಿಕ ಜಾಝ್ ಕೇಳುವವರು ಇಲ್ಲಿಂದಲೇ ಶುರು ಮಾಡಲಿ. ಈ ಪ್ರಕಾರಗಳಲ್ಲಿ ಸಣ್ಣ ಲೇಬಲ್‌ಗಳು ಮುಖ್ಯ. ಬೆಂಗಳೂರಿನ ‘ಕನ್ಸಾಲಿಡೇಟ್’ ಬಳಗದಂಥ ಒಂದು ಲೇಬಲ್ಲನ್ನು ಹಿಡಿದರೆ ಒಬ್ಬೊಬ್ಬರನ್ನೇ ಹುಡುಕುವ ಶ್ರಮ ಉಳಿಯುತ್ತದೆ, ಏಕೆಂದರೆ ಕಿವಿಯಿರುವ ಒಬ್ಬರು ಆಯ್ದು ಜೋಡಿಸಿದ ಹತ್ತಾರು ಸಂಗೀತಗಾರರು ಒಟ್ಟಿಗೆ ಸಿಗುತ್ತಾರೆ. ಕನ್ನಡ ರ‍್ಯಾಪ್, ಭಾವಗೀತೆಯ ಹೊಸ ಪ್ರಯೋಗಗಳು, ಜಾನಪದ ಫ್ಯೂಶನ್ ಇವು ಬ್ಯಾಂಡ್‌ಕ್ಯಾಂಪ್‌ನಲ್ಲಿ ಅಪರೂಪ. ಅವುಗಳನ್ನು ಹುಡುಕುವವರು ಇಲ್ಲಿ ಸಮಯ ಕಳೆಯಬೇಡಿ.

ಒಂದು ಆತಂಕವನ್ನೂ ಹೇಳಬೇಕು. 2022ರಲ್ಲಿ ಈ ಸಂಸ್ಥೆಯನ್ನು ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು, ಮರುವರ್ಷವೇ ಸಾಂಗ್‌ಟ್ರೇಡರ್‌ಗೆ ಮಾರಿತು. ಆ ಕೈಬದಲಿನಲ್ಲಿ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಹಾಗಾಗಿ ಇಷ್ಟವಾದದ್ದನ್ನು ಕೊಂಡ ಮೇಲೆ ಇಳಿಸಿಕೊಂಡು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಎಫ್‌ಎಲ್‌ಎಸಿಯಂಥ ಉತ್ತಮ ಗುಣಮಟ್ಟದ ಕಡತಗಳೇ ಸಿಗುತ್ತವೆ.

ಬರ್ಲಿನ್‌ನ ಸೌಂಡ್‌ಕ್ಲೌಡ್ ಬಗ್ಗೆ ಎರಡು ಮಾತು ಸಾಕು. ಅರೆಬೆಂದ ಡೆಮೊಗಳು, ಡಿಜೆ ಮಿಕ್ಸ್‌ಗಳು, ಇನ್ನೂ ಹೆಸರಿಡದ ಬೀಟ್‌ಗಳು ಸಿಗುವುದು ಅಲ್ಲಿ. ಹತ್ತರಲ್ಲಿ ಎಂಟನ್ನು ಬಿಟ್ಟು ಮುಂದೆ ಹೋಗುವ ತಾಳ್ಮೆ ಬೇಕು. ಆದರೆ 2021ರಲ್ಲಿ ಅವರು ತಂದ ಪಾವತಿ ಕ್ರಮ ನ್ಯಾಯವಾದದ್ದು: ನೀವು ಕಟ್ಟಿದ ಹಣ ಎಲ್ಲರ ರಾಶಿಗೆ ಸೇರಿ ದೊಡ್ಡವರ ಪಾಲಾಗುವ ಬದಲು, ಆ ಏರ್ಪಾಡಿನಲ್ಲಿರುವ ಸ್ವತಂತ್ರ ಸಂಗೀತಗಾರರಲ್ಲಿ ನೀವು ಕೇಳಿದವರಿಗೇ ಹೋಗುತ್ತದೆ.

ಯೂಟ್ಯೂಬ್: ರ‍್ಯಾಪ್‌ಗೂ ಕನ್ನಡಕ್ಕೂ ಮುಖ್ಯ ಬಾಗಿಲು

ಬೆಂಗಳೂರಿನ ಬ್ರೋಧಾ ವಿ ಅವರ ‘ಆತ್ಮ ರಾಮ’ 2012ರಲ್ಲಿ ಹರಡಿದ್ದು ಯೂಟ್ಯೂಬ್‌ನಿಂದ. ಆಲ್ ಓಕೆ ಅವರಂಥ ಕನ್ನಡ ರ‍್ಯಾಪರ್ ತಮ್ಮ ಕೇಳುಗರನ್ನು ಕಟ್ಟಿಕೊಂಡದ್ದೂ ಅಲ್ಲೇ. ದೆಹಲಿಯ ಮೆಟಲ್ ಬ್ಯಾಂಡ್ ಬ್ಲಡಿವುಡ್ ಅಣಕು ಹಾಡುಗಳ ವಿಡಿಯೊಗಳಿಂದ ಶುರುವಾಗಿ 2019ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ನಮ್ಮ ದೇಶದ ಕೇಳುಗರಿಗೆ ಇದು ಖರ್ಚಿಲ್ಲದ, ಎಲ್ಲರ ಫೋನಿನಲ್ಲೂ ಇರುವ ದಾರಿ.

ಇಲ್ಲಿನ ತೊಂದರೆ ಎಂದರೆ ಯೂಟ್ಯೂಬ್ ಪಕ್ಕದಲ್ಲಿ ತೋರಿಸುವ ಸಾಲು ಬೇಗನೆ ನಿಮ್ಮನ್ನು ಮತ್ತೆ ದೊಡ್ಡ ಹೆಸರುಗಳ ಕಡೆಗೆ ತರುತ್ತದೆ. ಅದಕ್ಕೇ ನಾನು ಇಲ್ಲಿ ಶಿಫಾರಸಿನ ಬೆನ್ನು ಹತ್ತುವುದಿಲ್ಲ, ಚಾನೆಲ್ ಹಿಡಿಯುತ್ತೇನೆ. ಯಾರೋ ಒಬ್ಬರು ಆಯ್ಕೆ ಮಾಡಿ, ಕರೆಸಿ, ಹಾಡಿಸುವ ಚಾನೆಲ್‌ಗಳು. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊ ತನ್ನ ಸ್ಟುಡಿಯೊಗೆ ಬರುವ ಬ್ಯಾಂಡ್‌ಗಳನ್ನು ಪೂರ್ತಿಯಾಗಿ ಚಿತ್ರಿಸಿ ಹಾಕುತ್ತದೆ. ರಾಕ್, ಫೋಕ್, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಸಂಗೀತಕ್ಕೆ ಇದಕ್ಕಿಂತ ಉದಾರವಾದ ಕಿಟಕಿ ಇಲ್ಲ. ಆರ್ ಆ್ಯಂಡ್ ಬಿ, ಸೋಲ್, ರ‍್ಯಾಪ್‌ಗೆ 2016ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಕಲರ್ಸ್ ಚೆನ್ನ. ಒಂದೇ ಬಣ್ಣದ ಗೋಡೆ, ಒಂದು ಮೈಕ್, ಒಬ್ಬ ಗಾಯಕಿ ಅಥವಾ ಗಾಯಕ. ಧ್ವನಿಯಲ್ಲಿ ಬಲವಿಲ್ಲದಿದ್ದರೆ ಅಲ್ಲಿ ಮುಚ್ಚಿಡಲು ಏನೂ ಇಲ್ಲ.

ಅಮೆರಿಕದ ಎನ್‌ಪಿಆರ್ ರೇಡಿಯೊ ತನ್ನ ಕಚೇರಿಯ ಮೇಜಿನ ಬಳಿ ನಡೆಸುವ ಟೈನಿ ಡೆಸ್ಕ್ ಕಾರ್ಯಕ್ರಮ ಎಲ್ಲರಿಗೂ ಗೊತ್ತು. ಆದರೆ ಅವರ ವಾರ್ಷಿಕ ಸ್ಪರ್ಧೆಯ ಬಗ್ಗೆ ಇಲ್ಲಿ ಮಾತಾಡುವವರು ಕಡಿಮೆ. ಹೆಸರಿಲ್ಲದ ಸಂಗೀತಗಾರರು ಒಂದು ಮೇಜಿನ ಬಳಿ ತಮ್ಮ ಸ್ವಂತ ಹಾಡು ಹಾಡಿ, ಚಿತ್ರಿಸಿ, ಯೂಟ್ಯೂಬ್‌ಗೆ ಹಾಕಿ ಸ್ಪರ್ಧೆಗೆ ಕಳಿಸುತ್ತಾರೆ. 2015ರ ಮೊದಲ ಸ್ಪರ್ಧೆ ಗೆದ್ದ ಫೆಂಟಾಸ್ಟಿಕ್ ನೆಗ್ರಿಟೊ ಆಮೇಲೆ ಗ್ರ್ಯಾಮಿ ಪ್ರಶಸ್ತಿಗಳನ್ನೂ ಪಡೆದರು. ಗೆದ್ದವರನ್ನು ಲೋಕವೇ ಹುಡುಕಿಕೊಳ್ಳುತ್ತದೆ. ನೀವು ಗೆಲ್ಲದವರ ವಿಡಿಯೊಗಳನ್ನು ನೋಡಿ. ಪ್ರತಿವರ್ಷ ಸಾವಿರಾರು ಬರುತ್ತವೆ. ಅಡುಗೆಮನೆ, ಗ್ಯಾರೇಜು, ಗ್ರಂಥಾಲಯಗಳಲ್ಲಿ ಹಾಡಿದ ಎಷ್ಟೋ ಒಳ್ಳೆಯ ಹಾಡುಗಳು ಅಲ್ಲಿ ಯಾರೂ ಕೇಳದೆ ಬಿದ್ದಿವೆ.

ರೇಡಿಯೊ ಹಳೆಯದಾಯಿತು ಎನ್ನುವವರಿಗೆ ಲಂಡನ್‌ನ ಎನ್‌ಟಿಎಸ್ ಕೇಳಿ ಎನ್ನುತ್ತೇನೆ. 2011ರಿಂದ ನಡೆಯುತ್ತಿರುವ ಈ ಇಂಟರ್ನೆಟ್ ರೇಡಿಯೊದಲ್ಲಿ ಕಾರ್ಯಕ್ರಮ ನಡೆಸುವವರೆಲ್ಲ ಒಂದೊಂದು ಹುಚ್ಚು ಹತ್ತಿಸಿಕೊಂಡವರು, ಮತ್ತು ಕಾರ್ಯಕ್ರಮದ ಜೊತೆ ಹಾಡುಗಳ ಪಟ್ಟಿಯೂ ಸಿಗುತ್ತದೆ. ಬ್ರಿಟನ್‌ನಲ್ಲಿರುವ ಕನ್ನಡಿಗರಾದರೆ ಬಿಬಿಸಿ ಇಂಟ್ರಡ್ಯೂಸಿಂಗ್ ಇದೆ: 2007ರಿಂದ, ಕಂಪನಿಯ ಒಪ್ಪಂದವಿಲ್ಲದವರು ಕಳಿಸಿದ ಹಾಡುಗಳನ್ನು ಕೇಳಿ ಸ್ಥಳೀಯ ರೇಡಿಯೊಗಳಲ್ಲಿ ಪ್ರಸಾರ ಮಾಡುವ ವ್ಯವಸ್ಥೆ. ಮನೆಯ ಮಕ್ಕಳು ಹಾಡು ಬರೆಯುತ್ತಿದ್ದರೆ ಅವರಿಗೂ ಹೇಳಿ.

ವೇದಿಕೆಗೆ ಹೋಗುವುದು

ರಾಕ್, ಜಾಝ್, ಮೆಟಲ್‌ಗೆ ನೇರ ಪ್ರದರ್ಶನದ ಬದಲಿ ಇಲ್ಲ. ರ‍್ಯಾಪ್‌ಗೂ ವೇದಿಕೆ ನೆರವಾಗುತ್ತದೆ: ಬೆಂಗಳೂರಿನ ರ‍್ಯಾಪರ್ ಹನುಮಾನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿನ ಮೂಲಕ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಸೇರಿದಾಗ ಇಡೀ ದೇಶ ಅಚ್ಚರಿಪಟ್ಟಿತು. ಅವರ ‘ಕಳರಿ’ ಎಂಬ ಪುಟ್ಟ ಆಲ್ಬಂ 2019ರಲ್ಲೇ ಬಂದಿತ್ತು. ನಗರದ ವೇದಿಕೆಗಳ ಮೇಲೆ ಕಣ್ಣಿಟ್ಟವರಿಗೆ ಅವರು ಹೊಸಬರಾಗಿರಲಿಲ್ಲ.

ಎಲ್ಲಿಗೆ ಹೋಗುವುದು ಎಂಬುದಕ್ಕೆ ನನ್ನ ಅಳತೆ ಒಂದೇ: ಕವರ್ ಹಾಡುಗಳನ್ನು ನುಡಿಸುವ ಜಾಗವೋ, ಸ್ವಂತ ಹಾಡು ನುಡಿಸುವ ಜಾಗವೋ? ಬೆಂಗಳೂರಿನ ಬಹಳಷ್ಟು ಪಬ್‌ಗಳಲ್ಲಿ ವಾರಾಂತ್ಯಕ್ಕೆ ಕೇಳುವುದು ಹೆಸರಾಂತ ಹಾಡುಗಳ ಮರುನುಡಿ. ನುಡಿಸುವವರು ಪಳಗಿದವರೇ ಆದರೂ ಅವರ ಸ್ವಂತ ಸಂಗೀತ ಅಲ್ಲಿ ಹೊರಬರುವುದಿಲ್ಲ. 2013ರಿಂದ ಸ್ವಂತ ಹಾಡುಗಳಿಗೆ ಮನೆಯಂತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಆ ನಷ್ಟ ಈಗಲೂ ಪೂರ್ತಿ ತುಂಬಿಲ್ಲ. ಜಾಝ್‌ಗೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಇದೆ, ಟಿಕೆಟ್ ಅಗ್ಗವಲ್ಲ. ಆಗಸ್ಟ್ 15ರ ಆಸುಪಾಸಿನಲ್ಲಿ, 1996ರಿಂದ ನಡೆದುಬಂದ ‘ಫ್ರೀಡಂ ಜ್ಯಾಮ್’ಗೆ ಪ್ರವೇಶ ಉಚಿತ. ಅಲ್ಲಿ ಮೊದಲ ಬಾರಿ ವೇದಿಕೆ ಏರುವ ಕಾಲೇಜು ಬ್ಯಾಂಡ್‌ನಿಂದ ಹಿಡಿದು ನುರಿತವರವರೆಗೆ ಎಲ್ಲರೂ ಸರತಿಯಲ್ಲಿ ನುಡಿಸುತ್ತಾರೆ. ಜೂನ್ 21ರ ವಿಶ್ವ ಸಂಗೀತ ದಿನಕ್ಕೆ ಅಲಿಯಾನ್ಸ್ ಫ್ರಾನ್ಸೇಸ್ ಹಮ್ಮಿಕೊಳ್ಳುವ ಕಾರ್ಯಕ್ರಮಗಳೂ ಇಂಥವೇ.

ಮೆಟಲ್ ಪ್ರೇಮಿಗಳ ದಾರಿ ಇನ್ನೂ ನೇರ. 2012ರಿಂದ ನಡೆಯುತ್ತಿರುವ ಬೆಂಗಳೂರು ಓಪನ್ ಏರ್ ಉತ್ಸವ ‘ವಾಕನ್ ಮೆಟಲ್ ಬ್ಯಾಟಲ್’ ಸ್ಪರ್ಧೆಯೊಂದಿಗೆ ನಂಟು ಹೊಂದಿದೆ. ಗೆದ್ದ ಬ್ಯಾಂಡ್ ಜರ್ಮನಿಗೆ ಹೋಗುತ್ತದೆ. ಸ್ಪರ್ಧೆಯಲ್ಲಿ ಭಾಗವಹಿಸುವ ಬ್ಯಾಂಡ್‌ಗಳ ಪಟ್ಟಿಯೇ ಆ ವರ್ಷ ಯಾರನ್ನು ಕೇಳಬೇಕು ಎಂಬುದರ ಪಟ್ಟಿ.

ಉತ್ಸವಗಳಿಗೆ ಹೋಗಲಾಗದಿದ್ದರೂ ಅವುಗಳ ಪೋಸ್ಟರ್ ನಿಮ್ಮ ಕೆಲಸಕ್ಕೆ ಬರುತ್ತದೆ. ಅರುಣಾಚಲದ ಜೀರೊ ಕಣಿವೆಯಲ್ಲಿ 2012ರಿಂದ ನಡೆಯುವ ಉತ್ಸವವಿರಲಿ, 2010ರಲ್ಲಿ ಪುಣೆಯಲ್ಲಿ ಶುರುವಾದ ಎನ್‌ಎಚ್7 ವೀಕೆಂಡರ್ ಇರಲಿ, ಪೋಸ್ಟರಿನ ಮೇಲಿನ ದೊಡ್ಡಕ್ಷರದ ಹೆಸರುಗಳನ್ನು ಬಿಟ್ಟು ಕೆಳಗಿನ ಸಣ್ಣಕ್ಷರದ ಸಾಲುಗಳನ್ನು ಓದಿ. ಆ ಹೆಸರುಗಳಲ್ಲಿ ಒಂದೊಂದನ್ನೂ ಯಾರೋ ಕೇಳಿ, ವೇದಿಕೆಗೆ ಯೋಗ್ಯ ಎಂದು ಒಪ್ಪಿ ಕರೆದಿರುತ್ತಾರೆ. ಹಳೆಯ ವರ್ಷಗಳ ಪೋಸ್ಟರುಗಳನ್ನೂ ನೋಡಿ. ಈಶಾನ್ಯದ ಸಂಗೀತಕ್ಕಂತೂ ಜೀರೊದ ಪಟ್ಟಿಯೇ ನನ್ನ ಪಠ್ಯಪುಸ್ತಕ.

ಶಾಸ್ತ್ರೀಯ ಸಂಗೀತಕ್ಕೆ ಮಧ್ಯಾಹ್ನದ ಕಛೇರಿ

ಇಲ್ಲಿ ಯಾವ ಆ್ಯಪ್ಪೂ ಕೆಲಸಕ್ಕೆ ಬಾರದು. ಸಂಜೆಯ ಕಛೇರಿಗಳಿಗೆ ಹಿರಿಯರು, ಮಧ್ಯಾಹ್ನಕ್ಕೆ ಕಿರಿಯರು ಎಂಬ ಸಭಾಗಳ ಹಳೆಯ ಕ್ರಮವೇ ಹೊಸಬರನ್ನು ಹುಡುಕುವವರಿಗೆ ವರ. ಚೆನ್ನೈನ ಡಿಸೆಂಬರ್ ಋತುವಿನಲ್ಲಿ ಮ್ಯೂಸಿಕ್ ಅಕಾಡೆಮಿಯ ಮಧ್ಯಾಹ್ನ 12 ಮತ್ತು 1.45ರ ಕಛೇರಿಗಳು ಕಿರಿಯರವು, ಪ್ರವೇಶ ಉಚಿತ. ಊಟದ ಹೊತ್ತಾದ್ದರಿಂದ ಮುಂದಿನ ಸಾಲಿನಲ್ಲೇ ಜಾಗ ಸಿಗುತ್ತದೆ. ಹಾಡುವವರಿಗೆ ಇರುವುದು ಒಂದೂವರೆ ಗಂಟೆಯಷ್ಟು ಸಮಯ. ಅದರಲ್ಲಿ ಯಾವ ರಾಗವನ್ನು ವಿಸ್ತಾರಕ್ಕೆ ಆರಿಸಿಕೊಂಡರು, ಆಲಾಪನೆಯಲ್ಲಿ ಗುರುಗಳ ಅಚ್ಚನ್ನು ದಾಟಿ ಒಂದು ಸಂಚಾರವಾದರೂ ಅವರದೇ ಎನಿಸಿತೇ, ನೆರವಲ್‌ನಲ್ಲಿ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವಾಗ, ಸಾಹಿತ್ಯದ ಪದವನ್ನು ಒಡೆಯದೆ ಹಾಡಿದರೇ ಎಂದು ಗಮನಿಸಿ. ವೇಗದ ಸ್ವರಗಳಿಗೆ ಚಪ್ಪಾಳೆ ಬೀಳುತ್ತದೆ. ಮುಂದೆ ಬೆಳೆಯುವವರು ಯಾರೆಂದು ವಿಳಂಬ ಕಾಲದಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದ ಉಪಾಯ ಪಕ್ಕವಾದ್ಯದವರನ್ನು ಗುರುತಿಟ್ಟುಕೊಳ್ಳುವುದು. ಆಲಾಪನೆ ಮುಗಿದಾಗ ಪಿಟೀಲಿನವರು ಕೊಟ್ಟ ಉತ್ತರ ಗಾಯಕಿಯ ದಾರಿಯನ್ನೇ ಹಿಡಿದು, ಅವಳು ಮುಟ್ಟದೆ ಬಿಟ್ಟ ಒಂದು ಮೂಲೆಯನ್ನು ಮುಟ್ಟಿತು ಎನ್ನಿ. ಆ ಹೆಸರನ್ನು ಬರೆದುಕೊಳ್ಳಿ. ಒಳ್ಳೆಯ ಪಕ್ಕವಾದ್ಯದವರು ಒಂದು ಋತುವಿನಲ್ಲಿ ಹತ್ತಾರು ಕಿರಿಯರ ಜೊತೆ ಕೂರುತ್ತಾರೆ. ಅವರ ಕಛೇರಿ ಪಟ್ಟಿಯ ಬೆನ್ನು ಹತ್ತಿದರೆ ಆ ಪೀಳಿಗೆಯ ಮುಖ್ಯ ಗಾಯಕರೆಲ್ಲ ನಿಮ್ಮ ಮುಂದೆ ಬಂದುಹೋಗುತ್ತಾರೆ.

ಬೆಂಗಳೂರಿನಲ್ಲಿ ಗಾಯನ ಸಮಾಜದ ಕಾರ್ಯಕ್ರಮಗಳನ್ನೂ, ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತಿರುವ ರಾಮನವಮಿ ಸಂಗೀತೋತ್ಸವವನ್ನೂ, ಬಡಾವಣೆಗಳ ಗಣೇಶೋತ್ಸವ ಕಛೇರಿಗಳನ್ನೂ ಬಿಡಬೇಡಿ. ಆಮಂತ್ರಣದಲ್ಲಿ ಆಕಾಶವಾಣಿಯ ದರ್ಜೆ ಬರೆದಿರುತ್ತಾರೆ. ‘ಬಿ ಹೈ’ ಎಂದಿದ್ದರೆ, ಪರೀಕ್ಷೆ ದಾಟಿ ಬಂದ ಆದರೆ ಇನ್ನೂ ಏರುತ್ತಿರುವ ಕಲಾವಿದರು ಎಂದು ಒಂದು ಮಟ್ಟಿಗೆ ಹೇಳಬಹುದು. ಹಿಂದೂಸ್ತಾನಿಗೆ ಧಾರವಾಡ, ಹುಬ್ಬಳ್ಳಿಯ ಸ್ಮೃತಿ ಸಂಗೀತೋತ್ಸವಗಳಲ್ಲಿ ಮುಖ್ಯ ಕಲಾವಿದರಿಗಿಂತ ಮೊದಲು ಹಾಡುವವರನ್ನು ಕೇಳಲು ಬೇಗ ಹೋಗಿ. ಅಮೆರಿಕದಲ್ಲಿರುವವರಿಗೆ 1978ರಲ್ಲಿ ಶುರುವಾದ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆ ಇದೆ. ಅಲ್ಲಿನ ಮಕ್ಕಳ ಸ್ಪರ್ಧೆಗಳಲ್ಲಿ ಹಾಡಿದವರು ಮುಂದೆ ಕಛೇರಿ ವೇದಿಕೆಗೂ ಬಂದಿದ್ದಾರೆ.

ತತ್ತ್ವಪದ ಮತ್ತು ಜಾನಪದ ಗಾಯಕರ ವಿಷಯದಲ್ಲಿ ಮೇಲಿನ ಯಾವ ಹೋಲಿಕೆಯೂ ನಿಲ್ಲುವುದಿಲ್ಲ. ಉತ್ತರ ಕರ್ನಾಟಕದ ಊರೂರುಗಳ ಭಜನಾ ಮಂಡಳಿಗಳಲ್ಲಿ ಶಿಶುನಾಳ ಶರೀಫರ ಪದಗಳನ್ನು ಎದೆ ತುಂಬಿ ಹಾಡುವ ಇಪ್ಪತ್ತರ ಹರೆಯದವರಿದ್ದಾರೆ. ಅವರ ಹಾಡು ಯಾರದೋ ಫೋನಿನಲ್ಲಿ ಚಿತ್ರಿತವಾಗಿ, ಊರಿನ ಹೆಸರು ಮಾತ್ರ ಹೊತ್ತು ಯೂಟ್ಯೂಬ್‌ನಲ್ಲಿ ಇರುತ್ತದೆ, ಹಾಡಿದವರ ಹೆಸರೂ ಇರುವುದಿಲ್ಲ. ಹುಡುಕುವಾಗ ಪದದ ಮೊದಲ ಸಾಲನ್ನೂ ತಾಲ್ಲೂಕಿನ ಹೆಸರನ್ನೂ ಕನ್ನಡದಲ್ಲೇ ಟೈಪ್ ಮಾಡಿ. ವಿಡಿಯೊ ಹಾಕಿದವರಿಗೆ ಹಾಡಿದವರ ಹೆಸರು ಬರೆಯಿರಿ ಎಂದು ಒಂದು ಕಾಮೆಂಟ್ ಮಾಡಿ. ಹೆಸರು ದಾಖಲಾಗುವುದೇ ಅವರಿಗೆ ಮೊದಲ ಸಂಭಾವನೆ.

ಸಿಕ್ಕ ಮೇಲೆ ಹಣ ಹೇಗೆ ತಲುಪಿಸುವುದು

ಬ್ಯಾಂಡ್‌ಕ್ಯಾಂಪ್ ಸಂಗೀತಗಾರರಿಗೆ ಹಣ ಕಳಿಸುವುದು ಪೇಪಾಲ್ ಮೂಲಕ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿದೆ. ಆದ್ದರಿಂದ ಬೆಂಗಳೂರಿನಲ್ಲಿ ಕೂತು ಬೆಂಗಳೂರಿನವರದೇ ಆಲ್ಬಂ ಕೊಳ್ಳಲು ತೊಡಕಾಗಬಹುದು, ಹೊರದೇಶದ ಕನ್ನಡಿಗರಿಗೆ ಆ ಸಮಸ್ಯೆ ಇಲ್ಲ. ಪಾವತಿ ನಿಂತುಹೋದರೆ ಅಲ್ಲಿಗೇ ಬಿಡಬೇಡಿ. ಅವರ ಪುಟದಲ್ಲಿರುವ ಇಮೇಲ್ ಅಥವಾ ಇನ್‌ಸ್ಟಾಗ್ರಾಮ್ ವಿಳಾಸಕ್ಕೆ ಬರೆದು ಯುಪಿಐ ಐಡಿ ಕೇಳಿ. ಹೆಚ್ಚಿನ ಸ್ವತಂತ್ರ ಸಂಗೀತಗಾರರು ಅದೇ ದಿನ ಉತ್ತರ ಕೊಡುತ್ತಾರೆ, ಆಲ್ಬಮ್ಮಿನ ಕಡತಗಳನ್ನೂ ನೇರವಾಗಿ ಕಳಿಸುತ್ತಾರೆ. ಕಾರ್ಯಕ್ರಮಕ್ಕೆ ಹೋದಾಗ ವೇದಿಕೆಯ ಪಕ್ಕದ ಮೇಜಿನಲ್ಲಿ ಟಿ-ಶರ್ಟ್, ಕ್ಯಾಸೆಟ್ ಇಟ್ಟಿದ್ದರೆ ಕೊಳ್ಳಿ, ಏಕೆಂದರೆ ಆ ಮೇಜಿನ ಹಿಂದೆ ಬಹುತೇಕ ಬ್ಯಾಂಡಿನವರೇ ನಿಂತಿರುತ್ತಾರೆ. ಹಣ ಕೊಡುವಾಗ ಇನ್ನೊಂದು ಪ್ರಶ್ನೆ ಕೇಳಿ: ಈಚೆಗೆ ನೀವು ಯಾರನ್ನು ಕೇಳುತ್ತಿದ್ದೀರಿ?